ಅನ್ನದ ಸರಪಳಿಯನ್ನು ಬಿಡಿಸಿ ನೋಡಿದ ಎಮಿಲ್ ಫಿಶರ್

ರಾತ್ರಿ ಮಲಗುವ ಮುನ್ನ ಕುಡಿದ ಒಂದು ಲೋಟ ಹಾಲು ಬೆಳಗಾಗುವಷ್ಟರಲ್ಲಿ ಹಾಲಾಗಿ ಉಳಿದಿರುವುದಿಲ್ಲ. ಅದರಲ್ಲಿದ್ದ ಕೇಸೀನ್ ಎಂಬ ಪ್ರೋಟೀನ್ ಜಠರದಲ್ಲಿ ತುಂಡಾಗಿ, ಸಣ್ಣ ಕರುಳಿನಲ್ಲಿ ಚೂರುಚೂರಾಗಿ, ರಕ್ತವನ್ನು ಸೇರಿ, ಯಕೃತ್ತನ್ನು ಹಾದು, ಮೈಯ ಸ್ನಾಯು, ಚರ್ಮ, ಕೂದಲುಗಳ ಕಟ್ಟಡಕ್ಕೆ ಇಟ್ಟಿಗೆಯಾಗಿ ಬಿಟ್ಟಿರುತ್ತದೆ. ಹಸುವಿನ ಪ್ರೋಟೀನ್ ಮನುಷ್ಯನ ಪ್ರೋಟೀನ್ ಆಗಿ ಮಾರ್ಪಡುವ ಈ ವ್ಯವಹಾರ ನಡೆಯುವುದಾದರೂ ಹೇಗೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವಿಜ್ಞಾನಿಗಳಿಗೆ ಒಗಟಾಗಿಯೇ ಇತ್ತು. ಆ ಒಗಟಿನ ಬೀಗಕ್ಕೆ ಕೀಲಿಕೈ ಮಾಡಿಕೊಟ್ಟವರಲ್ಲಿ ಮೊದಲಿಗರು ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಫಿಶರ್. ಇಂದು ಔಷಧದ ಅಂಗಡಿಯಿಂದ ವ್ಯಾಯಾಮಶಾಲೆಯವರೆಗೆ ಎಲ್ಲೆಡೆ ಕೇಳಿಬರುವ ಪೆಪ್ಟೈಡ್ ಎಂಬ ಪದವನ್ನು ಟಂಕಿಸಿದವರೂ ಅವರೇ.

ಸಕ್ಕರೆಯ ರಚನೆಯನ್ನು ಬಿಡಿಸಿದ್ದಕ್ಕಾಗಿ ನೊಬೆಲ್ ಪಡೆದವರೆಂದು ಪಠ್ಯಪುಸ್ತಕಗಳು ಅವರನ್ನು ನೆನೆಯುತ್ತವೆ. ಆದರೆ ಮನುಷ್ಯನ ಊಟದ ಕತೆಯಲ್ಲಿ ಅವರ ಪಾತ್ರ ಅದಕ್ಕಿಂತಲೂ ದೊಡ್ಡದು. ಹಾಗೆಯೇ ಅವರ ಬದುಕಿನ ಕೊನೆಯ ಅಧ್ಯಾಯ, ಹೊರಗಿನ ಕೀರ್ತಿಗೆ ಸ್ವಲ್ಪವೂ ಹೊಂದದಷ್ಟು ದಾರುಣವಾದುದು.

ವ್ಯಾಪಾರಕ್ಕೆ ಒಗ್ಗದ ಮಗ

ಎಮಿಲ್ ಫಿಶರ್ ಹುಟ್ಟಿದ್ದು 1852ರ ಅಕ್ಟೋಬರ್ 9ರಂದು, ಕೊಲೋನ್ ನಗರಕ್ಕೆ ಸಮೀಪದ ಆಯ್ಸ್‌ಕಿರ್ಷೆನ್ ಎಂಬ ಊರಿನಲ್ಲಿ. ತಂದೆ ಲಾರೆನ್ಸ್ ಫಿಶರ್ ಅನುಕೂಲಸ್ಥ ವ್ಯಾಪಾರಿ. ಮನೆತುಂಬ ಹೆಣ್ಣುಮಕ್ಕಳ ನಡುವೆ ಒಬ್ಬನೇ ಗಂಡುಮಗ. ವಹಿವಾಟನ್ನು ಮುಂದುವರಿಸುವ ಹೊಣೆ ಈತನದೇ ಎಂಬುದು ತಂದೆಯ ಎಣಿಕೆಯಾಗಿತ್ತು. ಅದರಂತೆ ಹುಡುಗನನ್ನು ಬಂಧುವೊಬ್ಬರ ಮರದ ವ್ಯಾಪಾರಕ್ಕೆ ಹಚ್ಚಿದ್ದೂ ಆಯಿತು. ಆದರೆ ಲೆಕ್ಕದ ಪುಸ್ತಕದ ಕಡೆ ಆತನ ಗಮನ ಹರಿಯಲೇ ಇಲ್ಲ. ವ್ಯಾಪಾರಕ್ಕೆ ಬೇಕಾದ ಬುದ್ಧಿ ಇವನಿಗಿಲ್ಲ, ಓದಿಕೊಳ್ಳಲಿ ಎಂದು ತಂದೆ ಕೈಚೆಲ್ಲಿದರೆಂಬ ಕತೆ ರಸಾಯನಶಾಸ್ತ್ರದ ಇತಿಹಾಸದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

1871ರಲ್ಲಿ ಬಾನ್ ವಿಶ್ವವಿದ್ಯಾಲಯ ಸೇರಿದ ಯುವಕ ಅಲ್ಲಿ ಕೆಕುಲೆಯವರ ಉಪನ್ಯಾಸಗಳನ್ನು ಕೇಳಿದ. ಮರುವರ್ಷ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಅಡಾಲ್ಫ್ ಫಾನ್ ಬೇಯರ್ ಅವರ ಶಿಷ್ಯನಾದ. ಭೌತಶಾಸ್ತ್ರದತ್ತ ವಾಲಿದ್ದ ಮನಸ್ಸು ಅಲ್ಲಿ ಶಾಶ್ವತವಾಗಿ ರಸಾಯನಶಾಸ್ತ್ರಕ್ಕೆ ಒಲಿಯಿತು. 1874ರಲ್ಲಿ ಡಾಕ್ಟರೇಟ್ ದೊರೆಯಿತು. ಮರುವರ್ಷವೇ ಫಿನೈಲ್‌ಹೈಡ್ರಜೀನ್ ಎಂಬ ಹೊಸ ಸಂಯುಕ್ತ ಆತನ ಕೈಗೆ ಸಿಕ್ಕಿತು. ಪಾಕದಂತೆ ಅಂಟಾಗಿ ಉಳಿದು ಪರೀಕ್ಷೆಗೆ ಸಿಗದೆ ಜಾರಿಕೊಳ್ಳುತ್ತಿದ್ದ ಸಕ್ಕರೆಗಳನ್ನು ಹರಳುಗಟ್ಟಿಸಿ ಗುರುತಿಸಲು ಈ ವಸ್ತುವೇ ಮುಂದೆ ಅವರಿಗೆ ಆಯುಧವಾಯಿತು. ಆದರೆ ಅದು ವಿಷವೂ ಹೌದು. ವರ್ಷಗಟ್ಟಲೆ ಅದರ ಆವಿಯ ನಡುವೆ ದುಡಿದ ಫಿಶರ್ ಚರ್ಮದ ಮತ್ತು ಹೊಟ್ಟೆಯ ಬಾಧೆಗಳನ್ನು ಜೀವನಪರ್ಯಂತ ಅನುಭವಿಸಬೇಕಾಯಿತು.

ಮ್ಯೂನಿಕ್, ಎರ್ಲಾಂಗೆನ್, ವ್ಯೂರ್ಟ್ಸ್‌ಬರ್ಗ್‌ಗಳಲ್ಲಿ ಅಧ್ಯಾಪನ ನಡೆಸಿದ ಅವರು 1892ರಲ್ಲಿ ಹಾಫ್‌ಮನ್ ಅವರ ಉತ್ತರಾಧಿಕಾರಿಯಾಗಿ ಬರ್ಲಿನ್‌ಗೆ ಬಂದರು. ಅಷ್ಟರಲ್ಲಾಗಲೇ ಗ್ಲೂಕೋಸ್‌ನ ರಚನೆಯನ್ನು ಬಿಡಿಸಿ, ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿಯೂ ಆಗಿತ್ತು. ಕಾಫಿಯಲ್ಲಿರುವ ಕೆಫೀನ್, ಮೂತ್ರದಲ್ಲಿರುವ ಯೂರಿಕ್ ಆಮ್ಲ ಮೊದಲಾದವೆಲ್ಲ ಒಂದೇ ಮನೆತನದ ಸಂಯುಕ್ತಗಳೆಂದು ತೋರಿಸಿ ಆ ಮನೆತನಕ್ಕೆ ಪ್ಯೂರಿನ್ ಎಂದು ಹೆಸರಿಟ್ಟರು. 1902ರ ನೊಬೆಲ್ ಪ್ರಶಸ್ತಿ ಬಂದದ್ದು ಈ ಎರಡು ಸಾಧನೆಗಳಿಗೆ.

ಬೀಗ ಮತ್ತು ಕೀಲಿಕೈ

ಸಕ್ಕರೆಯ ಅಧ್ಯಯನ ಫಿಶರ್ ಅವರಿಗೆ ಇನ್ನೊಂದು ಪಾಠವನ್ನೂ ಕಲಿಸಿತ್ತು. ಒಂದೇ ಬಗೆಯ ಪರಮಾಣುಗಳಿಂದಾದ ಎರಡು ಸಕ್ಕರೆಗಳಲ್ಲಿ ಒಂದನ್ನು ಯೀಸ್ಟ್ ಹುದುಗಿಸುತ್ತದೆ, ಇನ್ನೊಂದನ್ನು ಮುಟ್ಟುವುದೇ ಇಲ್ಲ. ಎರಡಕ್ಕೂ ಇರುವ ಭೇದ ಎಡಗೈ ಬಲಗೈಗಳ ಭೇದದಂಥದ್ದು. ಎಡಗೈಯ ಕೈಚೀಲ ಬಲಗೈಗೆ ಹೊಂದದಂತೆ, ಕಿಣ್ವವು ತನ್ನ ಆಕಾರಕ್ಕೆ ಒಪ್ಪುವ ಅಣುವನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಬೀಗಕ್ಕೆ ಕೀಲಿಕೈ ಹೊಂದಿಕೊಂಡಂತೆ ಎಂಬ ಹೋಲಿಕೆಯನ್ನು ಅವರು 1894ರಲ್ಲಿ ಮುಂದಿಟ್ಟರು. ಜೀರ್ಣಕ್ರಿಯೆಯನ್ನು ಅರಿಯಲು ಈ ಹೋಲಿಕೆಯೇ ಮುಂದೆ ದಾರಿದೀಪವಾಯಿತು.

ವೃತ್ತಿಯಲ್ಲಿ ಹೀಗೆ ಮೇಲೇರುತ್ತಿದ್ದ ದಿನಗಳಲ್ಲೇ ಮನೆಯಲ್ಲಿ ಕತ್ತಲು ಕವಿಯಿತು. 1888ರಲ್ಲಿ ಕೈಹಿಡಿದ ಪತ್ನಿ ಆಗ್ನೆಸ್, ಎರ್ಲಾಂಗೆನ್‌ನ ಅಂಗರಚನಾಶಾಸ್ತ್ರ ಪ್ರಾಧ್ಯಾಪಕ ಗೆರ್ಲಾಕ್ ಅವರ ಮಗಳು. ಕಿವಿಯ ಸೋಂಕು ಮಿದುಳಿನ ಪೊರೆಗೆ ಹರಡಿ 1895ರಲ್ಲಿ ಆಕೆ ತೀರಿಕೊಂಡರು. ಮದುವೆಯಾಗಿ ಏಳೇ ವರ್ಷ. ಹೆರ್ಮನ್, ವಾಲ್ಟರ್, ಆಲ್ಫ್ರೆಡ್ ಎಂಬ ಮೂವರು ಚಿಕ್ಕ ಗಂಡುಮಕ್ಕಳು. ಫಿಶರ್ ಮರುಮದುವೆಯಾಗಲಿಲ್ಲ. ಪ್ರಯೋಗಾಲಯವೇ ಅವರ ಪ್ರಪಂಚವಾಯಿತು.

ಕರುಳಿನಲ್ಲಿ ನಡೆಯುವುದೇನು?

ಆ ಕಾಲಕ್ಕೆ ಪ್ರೋಟೀನ್ ಜೀರ್ಣವಾಗುವ ಬಗೆಯ ಕುರಿತು ಅರ್ಧ ತಿಳಿವಳಿಕೆ ಮಾತ್ರ ಇತ್ತು. ಜಠರದಲ್ಲಿರುವ ಪೆಪ್ಸಿನ್ ಎಂಬ ಕಿಣ್ವವನ್ನು ಥಿಯೋಡೋರ್ ಶ್ವಾನ್ 1836ರಲ್ಲಿಯೇ ಗುರುತಿಸಿದ್ದರು. ಪೆಪ್ಸಿನ್ನಿನ ಕೆಲಸದಿಂದ ಮಾಂಸ, ಮೊಟ್ಟೆಗಳು ಕರಗಿ ಪೆಪ್ಟೋನ್ ಎಂಬ ಮಿಶ್ರಣವಾಗುವುದೂ ತಿಳಿದಿತ್ತು. ಈ ಪೆಪ್ಟೋನ್ ಕರುಳಿನ ಗೋಡೆಯನ್ನು ಮುಟ್ಟುತ್ತಲೇ ಮಾಯವಾಗುತ್ತಿತ್ತು. ಕರುಳಿನ ಗೋಡೆಯೊಳಗೇ ಅದು ಮತ್ತೆ ಪ್ರೋಟೀನ್ ಆಗಿ ಹೆಣೆದುಕೊಳ್ಳುತ್ತದೆ ಎಂದು ಬಹುಪಾಲು ಪಂಡಿತರು ನಂಬಿದ್ದರು.

ಈ ನಂಬಿಕೆಯನ್ನು 1901ರಲ್ಲಿ ಹೈಡೆಲ್‌ಬರ್ಗ್‌ನ ಆಟೊ ಕೋನ್‌ಹೈಮ್ ಮುರಿದರು. ಪೆಪ್ಟೋನ್ ಮಾಯವಾಗುವುದು ಮತ್ತೆ ಹೆಣೆದುಕೊಳ್ಳುವುದರಿಂದಲ್ಲ, ಇನ್ನೂ ಸಣ್ಣಗೆ ಒಡೆದು ಅಮೈನೊ ಆಮ್ಲಗಳಾಗಿ ಬಿಡುವುದರಿಂದ ಎಂದು ಅವರು ತೋರಿಸಿದರು. ಒಡೆಯುವ ಆ ಶಕ್ತಿಗೆ ಎರೆಪ್ಸಿನ್ ಎಂದು ಹೆಸರಿಟ್ಟರು. ಅದು ಒಂದಲ್ಲ, ಹಲವು ಕಿಣ್ವಗಳ ಕೂಟವೆಂಬುದು ಆಮೇಲೆ ತಿಳಿದುಬಂತು. ಮರುವರ್ಷ ಆಟೊ ಲೋವಿ, ಪೂರ್ಣವಾಗಿ ಒಡೆದ ಪ್ರೋಟೀನ್ ಚೂರುಗಳನ್ನಷ್ಟೇ ಉಣಿಸಿದರೂ ನಾಯಿಯ ದೇಹದ ಸಾರಜನಕದ ಲೆಕ್ಕ ಸರಿದೂಗುತ್ತದೆ ಎಂದು ಕಂಡುಕೊಂಡರು.

ಹಾಗಾದರೆ ಒಡೆಯುವ ಮುನ್ನ ಈ ಚೂರುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಹೇಗೆ? ಈ ಪ್ರಶ್ನೆಯನ್ನು ಫಿಶರ್ 1899ರ ಸುಮಾರಿಗೇ ಕೈಗೆತ್ತಿಕೊಂಡಿದ್ದರು. ಐವತ್ತರ ಅಂಚಿನಲ್ಲಿದ್ದ, ಗೆದ್ದ ಕ್ಷೇತ್ರದಲ್ಲೇ ನೆಮ್ಮದಿಯಾಗಿ ಉಳಿಯಬಹುದಾಗಿದ್ದ ವಿಜ್ಞಾನಿಯೊಬ್ಬರು ಅಂದಿನ ರಸಾಯನಶಾಸ್ತ್ರದ ಅತ್ಯಂತ ಗೋಜಲಿನ ಕ್ಷೇತ್ರಕ್ಕೆ ಕಾಲಿಟ್ಟರು.

ಹೆಸರಿನ ಹುಟ್ಟು

ಮೊದಲು ಅವರು ಪ್ರೋಟೀನನ್ನು ಆಮ್ಲದಲ್ಲಿ ಕುದಿಸಿ ಒಡೆದು, ಸಿಕ್ಕ ಅಮೈನೊ ಆಮ್ಲಗಳನ್ನು ಎಸ್ಟರ್ ಎಂಬ ರೂಪಕ್ಕೆ ತಿರುಗಿಸಿ, ಬಟ್ಟಿ ಇಳಿಸಿ ಬೇರ್ಪಡಿಸುವ ವಿಧಾನವನ್ನು ರೂಪಿಸಿದರು. ಈ ದಾರಿಯಲ್ಲಿ ಹಾಲಿನ ಕೇಸೀನ್‌ನಿಂದ ಪ್ರೋಲಿನ್, ಜೆಲಾಟಿನ್‌ನಿಂದ ಹೈಡ್ರಾಕ್ಸಿಪ್ರೋಲಿನ್ ಸಿಕ್ಕಿದವು.

ಬೇರ್ಪಡಿಸಿದ್ದನ್ನು ಜೋಡಿಸುವುದು ಎರಡನೆಯ ಹೆಜ್ಜೆ. ಅಮೈನೊ ಆಮ್ಲಗಳಲ್ಲೆಲ್ಲ ಅತಿ ಸರಳವಾದ ಗ್ಲೈಸಿನ್‌ನ ಎರಡು ಅಣುಗಳನ್ನು 1901ರಲ್ಲಿ, ಅರ್ನೆಸ್ಟ್ ಫೂರ್ನೊ ಎಂಬ ಸಹೋದ್ಯೋಗಿಯ ಜೊತೆಗೂಡಿ ಅವರು ಬೆಸೆದರು. ಹೀಗೆ ಹುಟ್ಟಿದ ಗ್ಲೈಸೈಲ್‌ಗ್ಲೈಸಿನ್, ಮನುಷ್ಯನ ಕೈ ತಯಾರಿಸಿ ಗುರುತಿಸಿದ ಮೊದಲ ಸರಳ ಪೆಪ್ಟೈಡ್. ಒಂದು ಅಮೈನೊ ಆಮ್ಲದ ಆಮ್ಲೀಯ ತುದಿ ಮತ್ತೊಂದರ ಅಮೈನೊ ತುದಿಗೆ ಕೂಡಿಕೊಳ್ಳುವಾಗ ಒಂದು ನೀರಿನ ಅಣು ಹೊರಬೀಳುತ್ತದೆ. ಜೀರ್ಣಕ್ರಿಯೆಯಲ್ಲಿ ಆಗುವುದು ಇದರ ತಿರುವು: ಕಿಣ್ವದ ನೆರವಿನಿಂದ ಆ ನೀರು ಮರಳಿ ಸೇರಿ ಬೆಸುಗೆ ಬಿಚ್ಚಿಕೊಳ್ಳುತ್ತದೆ.

1902ರ ಸೆಪ್ಟೆಂಬರ್‌ನಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿ ನಡೆದ ವಿಜ್ಞಾನಿಗಳ ಮತ್ತು ವೈದ್ಯರ ಸಮ್ಮೇಳನದಲ್ಲಿ ಒಂದು ವಿಸ್ಮಯ ಜರುಗಿತು. ಪ್ರೋಟೀನ್ ಎಂದರೆ ಇಂಥದೇ ಬೆಸುಗೆಗಳಿಂದ ಪೋಣಿಸಿದ ಅಮೈನೊ ಆಮ್ಲಗಳ ಸರಪಳಿ ಎಂಬ ವಿಚಾರವನ್ನು ಫ್ರಾಂಜ್ ಹಾಫ್‌ಮೈಸ್ಟರ್ ಮತ್ತು ಫಿಶರ್ ಇಬ್ಬರೂ ಒಂದೇ ದಿನ, ಬೇರೆಬೇರೆಯಾಗಿ ಮಂಡಿಸಿದರು. ಪೆಪ್ಟೋನ್ ಎಂಬ ಹಳೆಯ ಪದದ ಬುಡಕ್ಕೆ, ಸಕ್ಕರೆಗಳ ಹೆಸರಿಡುವ ಪದ್ಧತಿಯ ಬಾಲವನ್ನು ಸೇರಿಸಿ ಫಿಶರ್ ಕಟ್ಟಿದ ಪದವೇ ಪೆಪ್ಟೈಡ್. ಅದರ ಹುಟ್ಟಿನಲ್ಲೇ ಜೀರ್ಣಕ್ರಿಯೆಯ ನೆನಪು ಅಡಗಿದೆ.

ಕೈಯಿಂದ ಹೆಣೆದದ್ದು, ಕರುಳು ಕತ್ತರಿಸಿದ್ದು

ಮುಂದಿನ ಐದು ವರ್ಷ ಬರ್ಲಿನ್‌ನ ಪ್ರಯೋಗಾಲಯದಲ್ಲಿ ಪೆಪ್ಟೈಡ್‌ಗಳನ್ನು ಹೆಣೆಯುವುದೇ ಕಾಯಕವಾಯಿತು. ಸುಮಾರು ನೂರು ಬಗೆಯವು ತಯಾರಾದವು. ಪ್ರತಿ ಕೊಂಡಿಗೂ ವಾರಗಟ್ಟಲೆ ಶ್ರಮ. 1907ರಲ್ಲಿ ಹದಿನೈದು ಗ್ಲೈಸಿನ್ ಮತ್ತು ಮೂರು ಲ್ಯೂಸಿನ್ ಸೇರಿದ, ಒಟ್ಟು 18 ಕೊಂಡಿಗಳ ಸರಪಳಿ ಸಿದ್ಧವಾಯಿತು. ಅದರ ಅಣುತೂಕ 1213. ಇನ್ನೇನು ಆಹಾರವನ್ನೇ ಕಾರ್ಖಾನೆಯಲ್ಲಿ ತಯಾರಿಸಬಹುದು ಎಂಬಂಥ ನಿರೀಕ್ಷೆ ಹೊರಗೆ ಹಬ್ಬಿದರೂ ಫಿಶರ್ ಸಂಯಮ ಬಿಡಲಿಲ್ಲ. ನಿಜವಾದ ಪ್ರೋಟೀನ್ ಇದಕ್ಕಿಂತ ಎಷ್ಟೋ ಜಟಿಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಆ ಜಟಿಲತೆಯ ಅಳತೆಯಲ್ಲಿ ಅವರೂ ತಪ್ಪಿದರು. ಪ್ರೋಟೀನಿನ ಅಣುತೂಕ 5000ದ ಆಸುಪಾಸನ್ನು ದಾಟಲಾರದೆಂದು ಅವರು ಭಾವಿಸಿದ್ದರು. ಹಿಮೋಗ್ಲೋಬಿನ್‌ನ ತೂಕವೇ ಸುಮಾರು 64,500 ಎಂಬುದು ಇಂದು ತಿಳಿದಿದೆ.

ತಾವು ಹೆಣೆದದ್ದು ನಿಸರ್ಗದ ನೇಯ್ಗೆಯಂಥದ್ದೇ ಎಂದು ಖಚಿತಪಡಿಸಿಕೊಳ್ಳಲು ಫಿಶರ್ ಆಯ್ದುಕೊಂಡ ನ್ಯಾಯಾಧೀಶ ಯಾವ ಉಪಕರಣವೂ ಅಲ್ಲ, ಜೀರ್ಣರಸ. ಎಮಿಲ್ ಆಬ್ಡರ್‌ಹಾಲ್ಡನ್ ಜೊತೆಗೂಡಿ ಅವರು ತಮ್ಮ ಪೆಪ್ಟೈಡ್‌ಗಳನ್ನು ಒಂದೊಂದಾಗಿ ಮೇದೋಜೀರಕ ಗ್ರಂಥಿಯ ರಸಕ್ಕೆ ಒಡ್ಡಿದರು. 1905ರಿಂದ ಪ್ರಕಟವಾದ ಫಲಿತಾಂಶಗಳು ಬೆರಗು ಹುಟ್ಟಿಸುವಂಥವು. ಅಲನಿನ್ ಮೊದಲು, ಗ್ಲೈಸಿನ್ ಆಮೇಲೆ ಬರುವ ಜೋಡಿಯನ್ನು ಆ ರಸ ಕತ್ತರಿಸಿತು. ಅದೇ ಎರಡನ್ನು ಹಿಂದುಮುಂದಾಗಿ ಜೋಡಿಸಿದಾಗ ಮುಟ್ಟಲಿಲ್ಲ. ಎಡ ಮತ್ತು ಬಲ ರೂಪಗಳ ಬೆರಕೆಯನ್ನು ಕೊಟ್ಟರೆ, ನಿಸರ್ಗದಲ್ಲಿರುವ ರೂಪವನ್ನಷ್ಟೇ ಆರಿಸಿ ಒಡೆದು ಇನ್ನರ್ಧವನ್ನು ಹಾಗೆಯೇ ಬಿಟ್ಟಿತು. ಬೀಗ ಕೀಲಿಕೈಯ ನಿಯಮ ಇಲ್ಲಿಯೂ ನಿಜವಾಯಿತು. ದೇಹವು ಆಹಾರವನ್ನು ಸುಮ್ಮನೆ ಅರೆಯುವುದಿಲ್ಲ, ಕೊಂಡಿಯ ಗುರುತು ನೋಡಿ ಕತ್ತರಿಸುತ್ತದೆ ಎಂಬುದಕ್ಕೆ ಇವು ಆದಿ ಸಾಕ್ಷ್ಯಗಳು.

ಈ ಕೆಲಸದ ನೆರಳಿನಲ್ಲೇ ಹೊಸ ತಲೆಮಾರು ಬೆಳೆಯಿತು. ಮುಂದೆ ನೊಬೆಲ್ ಪಡೆದ ಆಟೊ ವಾರ್‌ಬರ್ಗ್ 1906ರಲ್ಲಿ ಡಾಕ್ಟರೇಟ್ ಪಡೆದದ್ದು ಫಿಶರ್ ಅವರ ಬಳಿ, ಪೆಪ್ಟೈಡ್‌ಗಳ ಮೇಲಿನ ಅಧ್ಯಯನಕ್ಕೆ. 1911ರಲ್ಲಿ ಅಮೆರಿಕದಿಂದ ಬಂದು ಇದೇ ಪ್ರಯೋಗಾಲಯದಲ್ಲಿ ಕೆಲಸ ಕಲಿತ ಡೊನಾಲ್ಡ್ ವ್ಯಾನ್ ಸ್ಲೈಕ್, ಊಟದ ನಂತರ ರಕ್ತದಲ್ಲಿ ಅಮೈನೊ ಆಮ್ಲಗಳ ಪ್ರಮಾಣ ಏರುವುದನ್ನೂ ಅಂಗಾಂಶಗಳು ಅವನ್ನು ಹೀರಿಕೊಳ್ಳುವುದನ್ನೂ ಸ್ವದೇಶಕ್ಕೆ ಮರಳಿ ನಾಯಿಗಳಲ್ಲಿ ಅಳೆದು ತೋರಿಸಿದರು. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಅಂಗಾಂಗಗಳಿಗೆ ಸಾಗುವ ದಾರಿ ಹೀಗೆ ಸ್ಪಷ್ಟವಾಯಿತು.

ಯುದ್ಧ ಮತ್ತು ಹಸಿವು

1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನಿಯ ನಿಲುವನ್ನು ಸಮರ್ಥಿಸಿದ 93 ಮಂದಿ ಗಣ್ಯರ ಹೇಳಿಕೆಗೆ ಫಿಶರ್ ಸಹಿ ಹಾಕಿದರು. ಮುಂದೆ ಅದಕ್ಕಾಗಿ ವಿಷಾದಪಟ್ಟರು. ಯುದ್ಧಕಾಲದಲ್ಲಿ ಕಚ್ಚಾವಸ್ತುಗಳ ಪೂರೈಕೆ, ಆಹಾರ ಮತ್ತು ಮೇವಿನ ಕೊರತೆಗಳಿಗೆ ರಸಾಯನಶಾಸ್ತ್ರದ ಪರಿಹಾರ ಹುಡುಕುವ ಹೊಣೆ ಅವರ ಹೆಗಲೇರಿತು. 1916-17ರ ಚಳಿಗಾಲದಲ್ಲಿ ಆಲೂಗಡ್ಡೆ ಬೆಳೆ ಕೈಕೊಟ್ಟು ಜರ್ಮನಿಯ ಜನ ಟರ್ನಿಪ್ ಜಾತಿಯ ಗಡ್ಡೆಯನ್ನು ತಿಂದು ದಿನ ದೂಡಿದರು. ಪ್ರೋಟೀನ್ ಎಂಬುದು ಪ್ರಯೋಗಾಲಯದ ಒಗಟಾಗಿ ಉಳಿಯದೆ ಬೀದಿಯ ಹಸಿವಾಗಿತ್ತು. ಜಗತ್ತಿನಲ್ಲಿ ಪ್ರೋಟೀನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ವ್ಯಕ್ತಿಗೂ ಅದನ್ನು ತಟ್ಟೆಗೆ ತಂದು ಬಡಿಸುವುದು ಸಾಧ್ಯವಾಗಲಿಲ್ಲ.

ಯುದ್ಧ ಅವರ ಮನೆಯನ್ನೂ ಬಿಡಲಿಲ್ಲ. ಕಡ್ಡಾಯ ಸೇನಾ ತರಬೇತಿಯ ಒತ್ತಡಕ್ಕೆ ಸಿಲುಕಿದ ಮಗ ವಾಲ್ಟರ್ ತನ್ನ ಜೀವವನ್ನು ತಾನೇ ಕಳೆದುಕೊಂಡ. ಇನ್ನೊಬ್ಬ ಮಗ ಆಲ್ಫ್ರೆಡ್ 1917ರಲ್ಲಿ ಬುಕಾರೆಸ್ಟ್‌ನಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದ. ಉಳಿದವನು ಹಿರಿಯ ಮಗ ಹೆರ್ಮನ್ ಒಬ್ಬನೇ.

ಸೋತ ದೇಶ, ಬರಿದಾದ ಪ್ರಯೋಗಾಲಯ, ವರ್ಷಗಳ ವಿಷದ ಒಡನಾಟದಿಂದ ಕುಗ್ಗಿದ ದೇಹ. ಇವೆಲ್ಲದರ ಮೇಲೆ 1919ರಲ್ಲಿ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಯಾವ ಅಂಗದ ಕಾರ್ಯವನ್ನು ಅರಿಯಲು ದಾರಿ ತೋರಿದ್ದರೋ ಅದೇ ಅಂಗ ಅವರಿಗೆ ಮುಳುವಾಯಿತು. ಜುಲೈ 15ರಂದು ಬರ್ಲಿನ್‌ನಲ್ಲಿ ಅವರ ಬದುಕು ಮುಗಿಯಿತು. ಅದು ಅವರೇ ಆರಿಸಿಕೊಂಡ ಸಾವೆಂದು ಚರಿತ್ರಕಾರರು ದಾಖಲಿಸುತ್ತಾರೆ. ಆಗ ಅವರಿಗೆ 66 ವರ್ಷ. ಯುವ ರಸಾಯನಶಾಸ್ತ್ರಜ್ಞರ ನೆರವಿಗೆಂದು 7,50,000 ಮಾರ್ಕ್‌ಗಳನ್ನು ಅವರು ವಿಜ್ಞಾನ ಅಕಾಡೆಮಿಗೆ ಬಿಟ್ಟುಹೋಗಿದ್ದರು.

ಬೀಜ ಮೊಳೆತ ಬಗೆ

ಫಿಶರ್ ತೀರಿಕೊಂಡ ಮೇಲೆ ಅವರ ಶಿಷ್ಯ ಮ್ಯಾಕ್ಸ್ ಬರ್ಗ್‌ಮನ್ ಆ ಎಳೆಯನ್ನು ಹಿಡಿದರು. 1932ರಲ್ಲಿ ಅವರು ಲಿಯೋನಿಡಾಸ್ ಜೆರ್ವಾಸ್ ಜೊತೆ ರೂಪಿಸಿದ ವಿಧಾನ ಪೆಪ್ಟೈಡ್ ಹೆಣಿಗೆಯನ್ನು ಸುಲಭಗೊಳಿಸಿತು. ನಾಜಿ ಆಡಳಿತದಿಂದಾಗಿ ಜರ್ಮನಿ ತೊರೆದು ನ್ಯೂಯಾರ್ಕ್ ಸೇರಿದ ಬರ್ಗ್‌ಮನ್ ಅಲ್ಲಿ ಜೀರ್ಣಕಿಣ್ವಗಳು ಯಾವ ಕೊಂಡಿಯನ್ನು ಕತ್ತರಿಸುತ್ತವೆಂಬುದನ್ನು ಕೃತಕ ಪೆಪ್ಟೈಡ್‌ಗಳ ಮೂಲಕವೇ ಪತ್ತೆಹಚ್ಚಿದರು.

ಇಂದು ತಿಳಿದಿರುವ ಚಿತ್ರ ಹೀಗಿದೆ. ಜಠರದ ಆಮ್ಲ ಪ್ರೋಟೀನಿನ ಮಡಿಕೆಗಳನ್ನು ಬಿಚ್ಚುತ್ತದೆ, ಪೆಪ್ಸಿನ್ ಅದನ್ನು ದೊಡ್ಡ ತುಂಡುಗಳಾಗಿ ಕಡಿಯುತ್ತದೆ. ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ಮೊದಲಾದವು ಕೆಲಸಕ್ಕಿಳಿಯುತ್ತವೆ. ಟ್ರಿಪ್ಸಿನ್ ಲೈಸಿನ್ ಇಲ್ಲವೇ ಆರ್ಜಿನಿನ್ ಇರುವ ಕಡೆ ಮಾತ್ರ ಕತ್ತರಿಸುತ್ತದೆ. ಕರುಳಿನ ಗೋಡೆಯ ಕಿಣ್ವಗಳು ಉಳಿದ ತುಂಡುಗಳನ್ನು ಬಿಡಿ ಅಮೈನೊ ಆಮ್ಲಗಳಾಗಿ, ಎರಡು ಮೂರು ಕೊಂಡಿಗಳ ಚೂರುಗಳಾಗಿ ಇಳಿಸುತ್ತವೆ.

ಇಲ್ಲಿಯೇ ಕತೆಗೆ ಒಂದು ತಿರುವು ಇದೆ. ಬಿಡಿಬಿಡಿಯಾದ ಅಮೈನೊ ಆಮ್ಲಗಳು ಮಾತ್ರ ಕರುಳಿನ ಗೋಡೆಯನ್ನು ದಾಟುತ್ತವೆ ಎಂಬ ಅಭಿಪ್ರಾಯ ಅರ್ಧ ಶತಮಾನ ಆಳಿತು. 1950ರ ದಶಕದಲ್ಲಿ ಇಲಿಯ ಕರುಳಿನ ಮೇಲೆ ನಡೆದ ಪ್ರಯೋಗಗಳು ಇದನ್ನು ಅಲುಗಾಡಿಸಿದವು. ಎರಡು ಕೊಂಡಿಗಳ ಪೆಪ್ಟೈಡೊಂದು ಒಡೆಯದೆ ಇಡಿಯಾಗಿ ಕರುಳಿನ ಕೋಶವನ್ನು ಹೊಕ್ಕಿತು. ಆ ಪೆಪ್ಟೈಡ್ ಬೇರೆ ಯಾವುದೂ ಅಲ್ಲ, 1901ರಲ್ಲಿ ಫಿಶರ್ ಹೆಣೆದಿದ್ದ ಗ್ಲೈಸೈಲ್‌ಗ್ಲೈಸಿನ್. ಬಿಡಿ ಅಮೈನೊ ಆಮ್ಲಗಳಲ್ಲಿ ಕೆಲವನ್ನು ಹೀರಲಾಗದ ಹಾರ್ಟ್‌ನಪ್ ಎಂಬ ಅನುವಂಶಿಕ ರೋಗದವರೂ ಅವೇ ಅಮೈನೊ ಆಮ್ಲಗಳನ್ನು ಪೆಪ್ಟೈಡ್ ರೂಪದಲ್ಲಿ ಕೊಟ್ಟಾಗ ಹೀರಿಕೊಳ್ಳುವುದು ಆಮೇಲೆ ಕಂಡುಬಂತು. ಇಂಥ ಚೂರುಗಳನ್ನು ಕೋಶದೊಳಕ್ಕೆ ಸಾಗಿಸುವ ಪೆಪ್ಟಿ-1 ಎಂಬ ವಾಹಕವನ್ನು 1994ರಲ್ಲಿ ಗುರುತಿಸಲಾಯಿತು. ಎರಡು ಅಥವಾ ಮೂರು ಕೊಂಡಿಗಳಿದ್ದರೆ ಮಾತ್ರ ಅದು ಬಾಗಿಲು ತೆರೆಯುತ್ತದೆ. ಒಳಹೊಕ್ಕ ಚೂರುಗಳಲ್ಲಿ ಹೆಚ್ಚಿನವು ಕೋಶದೊಳಗೇ ಒಡೆದು, ಅಮೈನೊ ಆಮ್ಲಗಳಾಗಿ ಯಕೃತ್ತಿನ ಕಡೆಗೆ ಹರಿಯುತ್ತವೆ. ದೇಹ ಅವುಗಳಿಂದ ತನಗೆ ಬೇಕಾದ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಮಿಕ್ಕಿದ್ದನ್ನು ಶಕ್ತಿಗಾಗಿ ಉರಿಸಿ, ಸಾರಜನಕವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ.

ಇನ್ಸುಲಿನ್ ಅನ್ನು ನುಂಗದೆ ಚುಚ್ಚಿಕೊಳ್ಳಬೇಕಾಗಿರುವುದಕ್ಕೆ ಮುಖ್ಯ ಕಾರಣವೂ ಇದೇ. 51 ಕೊಂಡಿಗಳ ಆ ಹಾರ್ಮೋನ್ ಜೀರ್ಣಾಂಗಕ್ಕೆ ಬೇಳೆಯ ಪ್ರೋಟೀನಿನಂತೆಯೇ ಒಂದು ತುತ್ತು. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಮಾಗ್ಲುಟೈಡ್ ಮಾತ್ರೆಗೆ ಹೀರಿಕೆಗೆ ನೆರವಾಗುವ ವಸ್ತುವನ್ನು ಬೆರೆಸಿದರೂ, ನುಂಗಿದ ಔಷಧದಲ್ಲಿ ರಕ್ತ ಸೇರುವುದು ಶೇಕಡಾ ಒಂದರ ಆಸುಪಾಸು. ಚರ್ಮದ ಕಾಂತಿಗೆಂದು ಮಾರುವ ಕೊಲಾಜೆನ್ ಪುಡಿಯ ಬಹುಭಾಗಕ್ಕೂ ಒಡೆಯುವುದೇ ಗತಿ. ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಸೇರಿದ ಪುಟ್ಟ ಜೋಡಿಗಳು ಅಲ್ಪ ಪ್ರಮಾಣದಲ್ಲಿ ಇಡಿಯಾಗಿ ರಕ್ತದಲ್ಲಿ ಕಾಣಿಸಿಕೊಳ್ಳುವುದು ನಿಜ. ಆದರೆ ತಿಂದ ಕೊಲಾಜೆನ್ ನೇರವಾಗಿ ಮುಖಕ್ಕೆ ಬಂದು ಕೂರುತ್ತದೆ ಎಂಬ ಭರವಸೆಗೆ ಅದು ಆಧಾರವಾಗದು.

ಫಿಶರ್ ಅವರ ಉಳಿದ ಒಬ್ಬ ಮಗ ಹೆರ್ಮನ್ ತಂದೆಯ ಹಾದಿಯಲ್ಲೇ ನಡೆದು ಜೀವರಸಾಯನಶಾಸ್ತ್ರಜ್ಞರಾದರು. ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದು 1960ರಲ್ಲಿ ತೀರಿಕೊಂಡರು. ತಂದೆ ಎಂಟು ವರ್ಷ ದುಡಿದು ಹೆಣೆದದ್ದು 18 ಕೊಂಡಿಗಳ ಒಂದು ಸರಪಳಿ. ಉಂಡ ಮನುಷ್ಯನ ದೇಹ ಒಂದೇ ದಿನದಲ್ಲಿ ಅಂದಾಜು 300 ಗ್ರಾಂ ಪ್ರೋಟೀನನ್ನು ಒಡೆದು ಮತ್ತೆ ಕಟ್ಟುತ್ತದೆ, ಅದೂ ಆತ ನಿದ್ದೆಯಲ್ಲಿರುವಾಗಲೂ ನಿಲ್ಲಿಸದೆ.